ನನ್ನ ಸೊಂಟ, ಅವಳ ಬೆನ್ನು

ನನ್ನ ಸೊಂಟನೋವಿನ ಕತೆಯನ್ನು ನಾನು ತುಂಬ ಜನಕ್ಕೆ ಹೇಳಿದ್ದೇನೆ. ಅಂಗಡಿಗೆ ಬಂದವರಿಗೆ, ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತವರಿಗೆ, ಒಮ್ಮೆ ಬನಶಂಕರಿಯಿಂದ ಬರುವ ಬಸ್ಸಿನಲ್ಲಿ ಪರಿಚಯವೇ ಇಲ್ಲದ ಒಬ್ಬ ಹಿರಿಯರಿಗೆ. ಮಾತ್ರೆ ಬಿಟ್ಟು ನೋವಿನ ಜೊತೆ ಬದುಕಲು ಕಲಿತೆ ಎಂದಾಗ ಎಲ್ಲರೂ ಮೆಚ್ಚಿ ತಲೆಯಾಡಿಸುತ್ತಾರೆ. ಹಾಗೆ ಹೇಳುವಾಗಲೆಲ್ಲ ನಾನು ಅರ್ಧ ಕತೆಯನ್ನು ಬಿಟ್ಟು ಹೇಳಿದ್ದೇನೆ. ಬಿಟ್ಟ ಅರ್ಧ ನನ್ನ ಹೆಂಡತಿಯದು. ಅದನ್ನು ಹೇಳಿದರೆ ಯಾರೂ ನನ್ನನ್ನು ಮೆಚ್ಚುವುದಿಲ್ಲ.

ನಾವು ಹೊಸಕೆರೆಹಳ್ಳಿಯ ಹಳೆಯ ಮನೆತನದವರು. ನಮ್ಮ ತಾತ ರಾಗಿ ಬೆಳೆಯುತ್ತಿದ್ದ ನೆಲದ ಒಂದು ತುಂಡಿನ ಮೇಲೆ ನಮ್ಮ ಮನೆ ಇದೆ. ಕೆಳಗೆ ನನ್ನ ಪೈಂಟು, ಮೊಳೆ, ಪೈಪುಗಳ ಅಂಗಡಿ. ಅದರ ಮೇಲೆ ನಾವು. ಅದಕ್ಕೂ ಮೇಲೆ ಬಾಡಿಗೆಯವರು, ಆಮೇಲೆ ತಾರಸಿ. ಮೆಟ್ಟಿಲು ಬಹಳ ಕಡಿದು. ನಾನೇ ನಿಂತು ಕಟ್ಟಿಸಿದ್ದು. ಜಾಗ ಉಳಿಸಬೇಕೆಂದು ಮೇಸ್ತ್ರಿಗೆ ಹೇಳಿ ಹಾಗೆ ಮಾಡಿಸಿದ್ದೆ.

ಐದು ವರ್ಷದ ಹಿಂದೆ ಒಂದು ಬೆಳಿಗ್ಗೆ ಇಪ್ಪತ್ತು ಲೀಟರಿನ ಪೈಂಟ್ ಬಕೆಟ್ಟನ್ನು ನೆಲದಿಂದ ಎತ್ತಿ ತಿರುಗುವಾಗ ಸೊಂಟದಲ್ಲಿ ಏನೋ ಕಳಚಿದ ಹಾಗಾಯಿತು. ಬಕೆಟ್ಟನ್ನು ಕೆಳಗಿಟ್ಟೆ. ನೆಟ್ಟಗೆ ನಿಲ್ಲಲು ಆಗಲಿಲ್ಲ. ಡಿಸ್ಕು ಸ್ವಲ್ಪ ಜರುಗಿದೆ, ಆಪರೇಷನ್ ಬೇಕಾಗಿಲ್ಲ, ಕೆಲವು ವಾರ ಜೋಪಾನ ಎಂದರು ಡಾಕ್ಟರು. ಕೆಲವು ವಾರ ಕಳೆದವು, ಕೆಲವು ತಿಂಗಳೂ ಕಳೆದವು, ನೋವು ಹೋಗಲಿಲ್ಲ. ಎಡಗಾಲಿನ ಹಿಂಭಾಗದಲ್ಲಿ ಒಂದು ಬಿಸಿ ತಂತಿ ಎಳೆದ ಹಾಗೆ ಕೂತೇಬಿಟ್ಟಿತು.

ಡಾಕ್ಟರು ಬರೆದುಕೊಟ್ಟಿದ್ದ ಮಾತ್ರೆ ಹತ್ತು ದಿನಕ್ಕೆ. ನಾನು ಅದನ್ನು ನಾಲ್ಕು ವರ್ಷ ತಿಂದೆ. ಮೊದಲು ದಿನಕ್ಕೊಂದು, ಆಮೇಲೆ ತಿಂಡಿಗೊಂದು ಊಟಕ್ಕೊಂದು. ಮೆಡಿಕಲ್ ಸ್ಟೋರಿನವರಿಗೆ ನಾನು ಬಾಯಿ ಬಿಡಬೇಕಾಗಿರಲಿಲ್ಲ, ಮುಖ ಕಂಡ ಕೂಡಲೇ ಸ್ಟ್ರಿಪ್ ತೆಗೆದಿಡುತ್ತಿದ್ದರು.

ಆ ನಾಲ್ಕು ವರ್ಷ ಮನೆ ನನ್ನ ಸೊಂಟದ ಸುತ್ತ ತಿರುಗಿತು. ಟಿವಿ ಸಣ್ಣ ದನಿಯಲ್ಲಿ. ನನ್ನ ಮಂಚಕ್ಕೆ ಗಟ್ಟಿ ಹಾಸಿಗೆ, ಬಾತ್‌ರೂಮಿಗೆ ಹಿಡಿಕೆ, ಸೋಫಾದ ಬದಲು ನೆಟ್ಟಗಿನ ಕುರ್ಚಿ. ಕಾಲುಚೀಲವನ್ನು ಹೆಂಡತಿ ಹಾಕುತ್ತಿದ್ದಳು. ನೆಲಕ್ಕೆ ಕೂತು ನನ್ನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಹಾಕಿ, ಆಮೇಲೆ ಪಕ್ಕಕ್ಕೆ ವಾಲಿ, ಮಂಚದ ಕಾಲು ಹಿಡಿದು, ಒಂದು ಮೊಣಕಾಲು ಊರಿ, ನಿಧಾನವಾಗಿ ಏಳುತ್ತಿದ್ದಳು. ಪ್ರತಿದಿನ ಕಣ್ಣೆದುರಿಗೇ ನಡೆಯುತ್ತಿತ್ತು. ಬೇಗ ಏಳಬಾರದೇ ಎಂದು ನನಗೆ ಸಿಡಿಮಿಡಿಯಾಗುತ್ತಿದ್ದದ್ದು ನೆನಪಿದೆ.

ಕಳೆದ ವರ್ಷ ಪಾದ ಊದಿಕೊಂಡಿತೆಂದು ರಕ್ತ ಪರೀಕ್ಷೆ ಮಾಡಿಸಿದೆ. ಡಾಕ್ಟರು ರಿಪೋರ್ಟನ್ನು ಎರಡು ಸಲ ನೋಡಿದರು. ಎಷ್ಟು ದಿನದಿಂದ ಈ ಮಾತ್ರೆ ತಗೊಳ್ತಿದೀರಿ ಎಂದು ಕೇಳಿದರು. ನಾನು ಒಂದು ವರ್ಷ ಎಂದೆ. ಪಕ್ಕದಲ್ಲಿ ಕೂತಿದ್ದ ಮಗಳು, ಡಿಗ್ರಿ ಕೊನೆಯ ವರ್ಷದವಳು, ನಾಲ್ಕು ವರ್ಷ ಎಂದು ತಿದ್ದಿದಳು. ಕಿಡ್ನಿ ದಣಿದಿದೆ, ಇನ್ನು ಮುಂದೆ ನೋವಿನ ಮಾತ್ರೆ ಮುಟ್ಟಲೇಬಾರದು, ಈಗ ನಿಲ್ಲಿಸಿದರೆ ಇಷ್ಟಕ್ಕೇ ನಿಲ್ಲಬಹುದು ಎಂದರು ಡಾಕ್ಟರು. ಹಾಗಾದರೆ ನೋವಿಗೆ ಏನು ಮಾಡಲಿ ಎಂದದ್ದಕ್ಕೆ ಜಯನಗರದ ಒಂದು ಫಿಸಿಯೋಥೆರಪಿ ಕೇಂದ್ರಕ್ಕೆ ಚೀಟಿ ಬರೆದುಕೊಟ್ಟರು. ನೋವನ್ನು ನಿಭಾಯಿಸುವುದನ್ನು ಅಲ್ಲಿ ಕಲಿಸುತ್ತಾರಂತೆ. ನೋವನ್ನು ವಾಸಿ ಮಾಡುವುದು ಬಿಟ್ಟು ನಿಭಾಯಿಸುವುದನ್ನು ಕಲಿಸುವುದೆಂದರೆ ಏನು ಎಂದು ನನಗೆ ಕೋಪ ಬಂತು.

ಮಾತ್ರೆ ಬಿಟ್ಟ ಮೊದಲ ಮೂರು ವಾರ ನಾನು ನಡೆದುಕೊಂಡ ರೀತಿಯನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಅನ್ನ ಮೆತ್ತಗಾಗಿದೆ ಎಂದು ತಟ್ಟೆ ತಳ್ಳಿದೆ. ಗಿರಾಕಿಯೊಬ್ಬರಿಗೆ ಬೇರೆ ಅಂಗಡಿಗೆ ಹೋಗಿ ಎಂದೆ. ಬಾಡಿಗೆಯವರ ಮಗು ಮೇಲೆ ಓಡಾಡುವ ಸದ್ದಿಗೆ ಕೂಗಾಡಿದೆ. ಎರಡನೇ ವಾರ ಬಿಟಿಎಂ ಲೇಔಟಿನಲ್ಲಿ, ನನ್ನ ಗುರುತಿಲ್ಲದ ಮೆಡಿಕಲ್ ಸ್ಟೋರೊಂದರಿಂದ ಒಂದು ಸ್ಟ್ರಿಪ್ ಕೊಂಡು ಸ್ಕೂಟರಿನ ಸೀಟಿನ ಕೆಳಗೆ ಬಚ್ಚಿಟ್ಟೆ. ಸ್ಕೂಟರು ತೆಗೆದುಕೊಂಡು ಹೋಗಿದ್ದ ಮಗಳಿಗೆ ರೈನ್‌ಕೋಟು ಹುಡುಕುವಾಗ ಅದು ಸಿಕ್ಕಿತು. ಅವಳು ಅದನ್ನು ತಂದು ನನ್ನ ಮುಂದೆ ಮೇಜಿನ ಮೇಲಿಟ್ಟು ಕಾಲೇಜಿಗೆ ಹೋದಳು. ಎರಡು ಮಾತ್ರೆ ಖಾಲಿಯಾಗಿದ್ದವು. ಆ ಸಂಜೆ ನಾನೇ ಜಯನಗರದ ಕೇಂದ್ರಕ್ಕೆ ಫೋನ್ ಮಾಡಿದೆ.

ಅಲ್ಲಿನ ಫಿಸಿಯೋಥೆರಪಿಸ್ಟ್ ಮೂವತ್ತು ದಾಟದ ಹೆಣ್ಣುಮಗಳು. ಹುಬ್ಬಳ್ಳಿ ಕಡೆಯವರು, ಬಿಟಿಎಂನಲ್ಲಿ ಬಾಡಿಗೆಗಿದ್ದರು. ನೋವಿಗೆ ಬ್ಯಾನಿ ಎನ್ನುತ್ತಿದ್ದರು. ಮೊದಲ ದಿನ ನನ್ನನ್ನು ಮಲಗಿಸಿ ಮಸಾಜ್ ಮಾಡಬಹುದು, ಯಂತ್ರ ಹಚ್ಚಬಹುದು ಎಂದುಕೊಂಡು ಹೋಗಿದ್ದೆ. ಅವರು ಒಂದು ಕುರ್ಚಿ ಎಳೆದುಕೊಂಡು ಕೂತು, ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವವರೆಗೆ ಏನೇನು ಮಾಡುತ್ತೇನೆಂದು ಕೇಳಿದರು. ಅಂಗಡಿಯಲ್ಲಿ ಎಷ್ಟು ಹೊತ್ತು ನಿಲ್ಲುತ್ತೀರಿ ಎಂದರು. ನೋವು ತಡೆಯಲಾಗದಷ್ಟು ಆಗುವವರೆಗೆ ನಿಂತು, ಆಮೇಲೆ ಮಲಗಿಬಿಡುತ್ತೇನೆ ಎಂದೆ.

"ಅಲ್ಲೇ ತಪ್ಪಾಗೂದ್ರಿ ಸರ್," ಎಂದರು. "ಬ್ಯಾನಿ ಬಂದ್ ಮ್ಯಾಲೆ ಕೂಡೂದಲ್ರಿ. ಬರೂಕಿಂತ ಮೊದಲ ಕೂಡಬೇಕ್ರಿ."

ಅವರು ಕಲಿಸಿದ್ದೆಲ್ಲ ಕೇಳಲು ಸಣ್ಣ ಸಣ್ಣ ಸಂಗತಿಗಳು. ಒಂದು ಕೆಲಸವನ್ನು ಒಂದೇ ಉಸಿರಿಗೆ ಮುಗಿಸಬಾರದು. ಗಡಿಯಾರ ನೋಡಿಕೊಂಡು ಅರ್ಧಕ್ಕೆ ನಿಲ್ಲಿಸಿ ಕೂರಬೇಕು, ನೋವು ಇರಲಿ ಇಲ್ಲದಿರಲಿ. ಚೆನ್ನಾಗಿರುವ ದಿನ ಹೆಚ್ಚು ಮಾಡಬಾರದು, ಕೆಟ್ಟ ದಿನ ಪೂರ್ತಿ ಮಲಗಬಾರದು. ನೋವು ಏರಿದಾಗ ಉಸಿರನ್ನು ಹಿಡಿಯದೆ ಉದ್ದಕ್ಕೆ ಬಿಡಬೇಕು. ಬೆಳಿಗ್ಗೆ ಬಿಸಿನೀರು ಸೊಂಟದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಬೀಳಲಿ. ದಿನವೂ ನಡೆಯಬೇಕು, ಆದರೆ ನಿನ್ನೆಗಿಂತ ಒಂದು ನಿಮಿಷ ಮಾತ್ರ ಜಾಸ್ತಿ. ನೋವು ಎಂದರೆ ಪ್ರತಿಸಲವೂ ಒಳಗೆ ಏನೋ ಮುರಿಯುತ್ತಿದೆ ಎಂದಲ್ಲ. ಹಳೆಯ ಗಾಯ ಮಾಗಿದ ಮೇಲೂ ಮೈ ಹೆದರಿಕೊಂಡೇ ಇರುತ್ತದೆ, ಅದಕ್ಕೆ ಧೈರ್ಯ ಹೇಳಬೇಕು ಎನ್ನುತ್ತಿದ್ದರು.

ತಿಂಗಳಾದ ಮೇಲೆ ಮನೆಯಿಂದ ಯಾರನ್ನಾದರೂ ಕರೆದುಕೊಂಡು ಬನ್ನಿ, ಮನೆಯವರಿಗೂ ಇದು ಗೊತ್ತಿರಬೇಕು ಎಂದರು. ಹೆಂಡತಿಗೆ ಹೇಳಿದೆ. ಅವಳು ಸಾರಿಗೆ ಒಗ್ಗರಣೆ ಹಾಕಿ, ಸೀರೆ ಬದಲಿಸಿ ಬಂದಳು. ಆಟೋದಲ್ಲಿ ಹೋದೆವು. ಅವಳಿಗೆ ಇದೆಲ್ಲ ಅರ್ಥವಾಗಲಿಕ್ಕಿಲ್ಲ ಎಂದುಕೊಂಡು ದಾರಿಯುದ್ದಕ್ಕೂ ನಾನು ಕಲಿತದ್ದನ್ನು ವಿವರಿಸಿದೆ. ಅವಳು ಹೊರಗೆ ನೋಡುತ್ತಾ ಹೂಂಗುಟ್ಟಿದಳು.

ಆ ದಿನದ ಪಾಠ ನೆಲದಿಂದ ಏಳುವುದು. ಸೊಂಟನೋವಿನವರು ನೆಲಕ್ಕೆ ಕೂರಲು ಹೆದರುತ್ತಾರೆ, ಹೆದರಿ ಹೆದರಿ ಇನ್ನಷ್ಟು ಬಿಗಿಯಾಗುತ್ತಾರೆ ಎಂದು ಹೇಳಿ, ನೀವೂ ಜೊತೆಗೆ ಮಾಡಿ ಅಕ್ಕಾರ, ಮನೆಯಲ್ಲಿ ಇವರಿಗೆ ನೆನಪಿಸಬಹುದು ಎಂದು ಅವಳನ್ನೂ ಚಾಪೆಯ ಮೇಲೆ ಕೂರಿಸಿದರು. ಮೊದಲು ನಾನು ಎದ್ದೆ. ತಪ್ಪು ಮಾಡಿದೆ, ಉಸಿರು ಹಿಡಿದೆ, ನರಳಿದೆ. ಆಮೇಲೆ ಅವಳ ಸರದಿ.

ಅವಳು ಬಲಕ್ಕೆ ವಾಲಿದಳು. ಅಂಗೈ ಊರಿದಳು. ಒಂದು ಮೊಣಕಾಲು ಮುಂದೆ ತಂದು, ಕುರ್ಚಿಯ ಅಂಚು ಹಿಡಿದು, ಉಸಿರನ್ನು ಉದ್ದಕ್ಕೆ ಬಿಡುತ್ತಾ, ಬೆನ್ನು ನೇರವಾಗಿಯೇ ಇಟ್ಟುಕೊಂಡು ಎದ್ದು ನಿಂತಳು. ಹೇಗೆ ಏಳಬೇಕೆಂದು ಅವಳಿಗೆ ಯಾರೂ ಇನ್ನೂ ತೋರಿಸಿರಲಿಲ್ಲ.

ಫಿಸಿಯೋಥೆರಪಿಸ್ಟ್ ಮೆಲ್ಲಗೆ ಕೇಳಿದರು: "ಅಕ್ಕಾರ, ನಿಮಗ ಇದನ್ನ ಯಾರ ಕಲಿಸ್ಯಾರ್ರಿ?"

"ಯಾರೂ ಇಲ್ಲ. ಹಂಗೇ ಅಭ್ಯಾಸ ಆಗೋಯ್ತು."

"ಎಷ್ಟ ವರ್ಷ ಆತ್ರಿ ನಿಮಗ ಬ್ಯಾನಿ ಶುರುವಾಗಿ?"

ಹೆಂಡತಿ ನನ್ನ ಮುಖ ನೋಡಿದಳು. ಹೇಳಬಹುದೇ ಎಂದು ಕೇಳುವ ಹಾಗೆ ನೋಡಿದಳು. ಆ ನೋಟವನ್ನು ನಾನು ಒಬ್ಬನೇ ಕಂಡಿದ್ದರೆ ಹೇಗೋ ಮರೆಯುತ್ತಿದ್ದೆನೇನೋ. ಆ ಹೆಣ್ಣುಮಗಳೂ ಕಂಡರು.

"ಹನ್ನೊಂದು ವರ್ಷ," ಎಂದಳು ಹೆಂಡತಿ.

ಮುಂದಿನ ಅರ್ಧ ಗಂಟೆ ಫಿಸಿಯೋಥೆರಪಿಸ್ಟ್ ಅವಳೊಂದಿಗೇ ಮಾತಾಡಿದರು. ನಾನು ಚಾಪೆಯ ಮೇಲೆ ಕೂತು ಕೇಳಿಸಿಕೊಂಡೆ. ಬೆನ್ನಿನ ಕೆಳಗೆ, ಬಲಗಡೆ. ನಿಂತರೆ ಜಾಸ್ತಿ. ಪಾತ್ರೆ ಅರ್ಧ ತೊಳೆದು ಕೂರುತ್ತಾಳಂತೆ. ಬಟ್ಟೆ ಒಣಗಿಸಲು ತಾರಸಿಗೆ ಹೋಗುವಾಗ ಬಾಡಿಗೆಯವರ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಒಂದು ಸಲ ಕೂತು ಹೋಗುತ್ತಾಳಂತೆ. ಅಕ್ಕಿ ಆರಿಸುವುದು, ತರಕಾರಿ ಹೆಚ್ಚುವುದು ಕುರ್ಚಿಯಲ್ಲಿ. ನೋವು ಜಾಸ್ತಿಯಾದರೆ ಮನಸ್ಸಿನಲ್ಲೇ ಎಣಿಸುತ್ತಾ ಉಸಿರು ಬಿಡುತ್ತಾಳಂತೆ. ಮಾತ್ರೆ ತಗೊಂಡಿಲ್ಲೇನ್ರಿ ಎಂದು ಅವರು ಕೇಳಿದ್ದಕ್ಕೆ, ಡಾಕ್ಟ್ರ ಹತ್ರ ಹೋಗೇ ಇಲ್ಲ ಎಂದಳು.

ನಾನು ತಿಂಗಳಿನಿಂದ ಪುಸ್ತಕದಲ್ಲಿ ಬರೆದುಕೊಂಡು ಕಲಿಯುತ್ತಿದ್ದ ಅಷ್ಟನ್ನೂ ಅವಳು ಒಬ್ಬಳೇ, ಯಾರ ಸಹಾಯವೂ ಇಲ್ಲದೆ, ನಮ್ಮ ಅಡುಗೆಮನೆಯಲ್ಲಿ ಕಲಿತಿದ್ದಳು. ಅದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ಅವಳು ಹಾಗೆ ಮಾಡುವುದು ನನಗೆ ಗೊತ್ತಿತ್ತು. ಆ ಪ್ರತಿಯೊಂದಕ್ಕೂ ನಾನು ಅವಳನ್ನು ಬೈದಿದ್ದೆ. ಯಾವ ಕೆಲಸವನ್ನೂ ಪೂರ್ತಿ ಮಾಡುವುದಿಲ್ಲ, ಅರ್ಧಕ್ಕೆ ಬಿಟ್ಟು ಕೂರುವುದೇ ನಿನ್ನ ಅಭ್ಯಾಸ ಎನ್ನುತ್ತಿದ್ದೆ. ಅಡುಗೆಮನೆಯ ಕುರ್ಚಿ ಓಡಾಡಲು ಅಡ್ಡ ಎಂದು ಒಮ್ಮೆ ಎತ್ತಿ ಅಂಗಡಿಗೆ ತಂದುಬಿಟ್ಟಿದ್ದೆ; ಅವಳು ಎರಡು ದಿನದ ಮೇಲೆ ಪ್ಲಾಸ್ಟಿಕ್ ಸ್ಟೂಲೊಂದನ್ನು ತಂದಿಟ್ಟುಕೊಂಡಳು. ಸ್ನಾನಕ್ಕೆ ಹೋದರೆ ಹೊರಗೆ ಬರುವುದೇ ಇಲ್ಲ, ಗೀಸರು ಯಾರಪ್ಪನದು ಎಂದು ಬಾಗಿಲು ಬಡಿದದ್ದೂ ಉಂಟು. ಅವಳಪ್ಪ ಆಗಿನ್ನೂ ಬದುಕಿದ್ದರು, ಅವತ್ತು ನಮ್ಮ ಮನೆಯಲ್ಲೇ ಇದ್ದರು.

ವಾಪಸು ಬರುವಾಗ ಅವಳು ದಾರಿಯಲ್ಲಿ ಆಟೋದಿಂದ ಇಳಿದು ಸೊಪ್ಪು ಕೊಂಡಳು.

ಮಾರನೆಯ ದಿನ ಮಧ್ಯಾಹ್ನ ಊಟ ಮುಗಿಸಿ ಅಂಗಡಿಗೆ ಇಳಿಯುವ ಬದಲು ಅಲ್ಲೇ ಕೂತೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ಯಾಕೆ ನನಗೆ ಹೇಳಲಿಲ್ಲ ಎಂದು ಕೇಳಿದೆ. ಕೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ದೂರು ಇತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಹೇಳಿದ್ದರೆ ನಾನು ಏನಾದರೂ ಮಾಡುತ್ತಿದ್ದೆ, ತಪ್ಪು ಅವಳದೂ ಸ್ವಲ್ಪ ಇದೆ ಎಂದು ಆಗಲೇ ನನ್ನ ಮನಸ್ಸು ಲೆಕ್ಕ ಹಾಕುತ್ತಿತ್ತು.

"ಹೇಳಿದ್ದೆ," ಎಂದಳು. "ಎರಡು ಸಲ ಹೇಳಿದ್ದೆ."

ಮೊದಲನೆಯದು ಯಾವಾಗ ಎಂದು ಅವಳು ಹೇಳುವ ಮೊದಲೇ ನನಗೆ ನೆನಪಾಯಿತು. ನನ್ನ ಅಕ್ಕನ ಮಗಳಿಗೆ ಹೂ ಮುಡಿಸುವ ಶಾಸ್ತ್ರ ನಮ್ಮ ಮನೆಯಲ್ಲಿ ನಡೆದಿತ್ತು. ತಾರಸಿಯ ಮೇಲೆ ಶಾಮಿಯಾನ, ಊಟ. ನೀರು ಚೆಲ್ಲಿ ಒದ್ದೆಯಾಗಿದ್ದ ಮೆಟ್ಟಿಲ ಮೇಲೆ ಅವಳು ಜಾರಿ ಬಿದ್ದಳು. ನಾನು ಮೇಲಿಂದ ಇಳಿದು ಬರುತ್ತಿದ್ದೆ. ಅವಳು ಕೂತ ಹಾಗೇ ಎರಡು ಮೆಟ್ಟಿಲು ಜಾರಿ ಗೋಡೆಗೆ ಒರಗಿದ್ದಳು, ಮುಖ ಬಿಳಿಚಿತ್ತು. ಏಳಕ್ಕೆ ಆಗ್ತಿಲ್ಲ ರೀ ಎಂದಳು. ಏನಾಗಲ್ಲ, ಎದ್ದೇಳು, ಗಂಡಿನ ಕಡೆಯವರು ನೋಡ್ತಾರೆ ಎಂದೆ. ಕೈ ಕೊಟ್ಟೆನೋ ಇಲ್ಲವೋ ನೆನಪಿಲ್ಲ. ಅವಳು ಎದ್ದಳು. ಆ ದಿನ ಮೂರು ಪಂಕ್ತಿ ಊಟಕ್ಕೂ ಬಡಿಸಿದಳು.

ಬಾಳೆ ಎಲೆಯ ಕಟ್ಟು ಹಿಡಿದು ಬರುವಾಗ ತಾನೇ ನೀನು ಬಿದ್ದದ್ದು ಎಂದೆ, ನನಗೂ ನೆನಪಿದೆ ಎಂದು ತೋರಿಸಿಕೊಳ್ಳಲು.

"ಎಲೆ ಅಲ್ಲ, ಪಾಯಸದ ತಪ್ಪಲೆ," ಎಂದಳು. "ಅದು ಚೆಲ್ಲೋಗತ್ತೆ ಅಂತ ಕೈ ಬಿಡ್ಲಿಲ್ಲ. ಬಿಟ್ಟಿದ್ರೆ ಗೋಡೆ ಹಿಡ್ಕೊಬೋದಿತ್ತು."

ಎರಡನೆಯ ಸಲ ಯಾವಾಗ ಎಂದು ಕೇಳಿದೆ. ಅದಾಗಿ ಐದಾರು ತಿಂಗಳಿಗೆ ಎಂದಳು. ಭಾನುವಾರ ಬೆಳಿಗ್ಗೆ, ನಾನು ಪೇಪರ್ ಓದುತ್ತಿದ್ದೆನಂತೆ. ಬೆನ್ನು ಕಮ್ಮಿಯೇ ಆಗಿಲ್ಲ, ಒಂದು ಸಲ ಯಾರಿಗಾದರೂ ತೋರಿಸೋಣವಾ ಎಂದು ಕೇಳಿದಳಂತೆ. ಈ ವಯಸ್ಸಲ್ಲಿ ಹೆಂಗಸರಿಗೆ ಎಲ್ಲಾರಿಗೂ ಇರತ್ತೆ ಎಂದು ನಾನು ಪುಟ ತಿರುಗಿಸಿದೆನಂತೆ. ಆಗ ಅವಳಿಗೆ ಮೂವತ್ತೇಳು.

ಈ ಎರಡನೆಯದು ನನಗೆ ನೆನಪೇ ಇಲ್ಲ. ಅವತ್ತಿನಿಂದ ಇವತ್ತಿನವರೆಗೆ ಎಷ್ಟೋ ಸಲ ಕಣ್ಣು ಮುಚ್ಚಿ ಯೋಚಿಸಿದ್ದೇನೆ. ಆ ಭಾನುವಾರ ಬರುವುದೇ ಇಲ್ಲ. ಮೊದಲನೆಯದಕ್ಕೆ ಮನೆ ತುಂಬ ಜನ, ಗಡಿಬಿಡಿ ಎಂಬ ನೆಪವಾದರೂ ಇದೆ. ಇದಕ್ಕೆ ಏನೂ ಇಲ್ಲ. ಅವಳ ಪಾಲಿಗೆ ಅಷ್ಟು ವರ್ಷ ಉಳಿದ ಮಾತು ನನ್ನ ಪಾಲಿಗೆ ಆಡಿದ ಕ್ಷಣವೇ ಇಲ್ಲವಾಗಿತ್ತು.

ಅವಳು ಸೊಪ್ಪಿನ ದಂಟನ್ನು ಒಂದು ಕಡೆ ಸರಿಸಿ, ಈಗ ಯಾಕೆ ಅದೆಲ್ಲ, ಅಂಗಡಿಗೆ ಹೋಗಿ, ಯಾರೋ ಕರೀತಿದಾರೆ ಎಂದಳು. ನಿಜವಾಗಿಯೂ ಯಾರೋ ಕರೆಯುತ್ತಿದ್ದರು. ನಾನು ಇಳಿದು ಹೋದೆ. ತಪ್ಪಾಯಿತು ಎಂದು ಹೇಳಬೇಕೆಂದು ಕೂತವನು ಅದನ್ನು ಹೇಳದೆ ಎದ್ದಿದ್ದೆ.

ಆಮೇಲೆ ನನಗೆ ಒಂದು ಆವೇಶ ಬಂತು. ನಾಳೆಯೇ ಡಾಕ್ಟರಿಗೆ ತೋರಿಸಬೇಕು, ಸ್ಕ್ಯಾನ್ ಮಾಡಿಸಬೇಕು, ಪಾತ್ರೆಗೆ ಆಳು ಇಡಬೇಕು. ಅವಳು ಬೇಡ ಎಂದಷ್ಟೂ ನಾನು ಹಟ ಮಾಡಿದೆ. ಕೊನೆಗೆ ಮಗಳು ನನ್ನನ್ನು ಪಕ್ಕಕ್ಕೆ ಕರೆದು, ಅಪ್ಪ, ಇದನ್ನೂ ನೀನು ನಿನಗೋಸ್ಕರಾನೇ ಮಾಡ್ತಿದೀಯ ಎಂದಳು. ಅವಳಿಗೆ ಅಮ್ಮನ ನೋವು ಮೊದಲಿನಿಂದ ಗೊತ್ತಿತ್ತು. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಅವಳು ಶಾಲೆಯಿಂದ ಬಂದವಳೇ ನೀರಿನ ಕ್ಯಾನು ತಾನು ಎತ್ತುತ್ತಿದ್ದಳಂತೆ. ನಾನು ಒಬ್ಬನೇ ಆ ಮನೆಯಲ್ಲಿ ಏನೂ ಗೊತ್ತಿಲ್ಲದವನು.

ನಾನು ಒತ್ತಾಯ ನಿಲ್ಲಿಸಿ ಒಂದು ತಿಂಗಳಾದ ಮೇಲೆ ಹೆಂಡತಿಯೇ ಹೋಗೋಣ ಎಂದಳು. ಜಯನಗರದಲ್ಲೇ ಮೂಳೆ ಡಾಕ್ಟರೊಬ್ಬರಿಗೆ ತೋರಿಸಿದೆವು. ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು, ಬೆನ್ನಿನ ಕೆಳಗಿನ ಒಂದು ಮೂಳೆ ಯಾವಾಗಲೋ ಕುಸಿದು ಹಾಗೇ ಕೂಡಿಕೊಂಡಿದೆ ಎಂದರು. ಬಿದ್ದಿದ್ರಾ ಅಮ್ಮ ಎಂದು ಕೇಳಿದರು. ಬಿದ್ದಿದ್ದೆ ಎಂದಳು.

"ಆವಾಗ ಯಾಕೆ ತೋರಿಸ್ಲಿಲ್ಲ?"

"ಮನೇಲಿ ಕೆಲಸ ಇತ್ತು ಡಾಕ್ಟ್ರೇ. ನಾನೇ ತಲೆಗೆ ಹಚ್ಕೊಳ್ಲಿಲ್ಲ."

ಡಾಕ್ಟರು ನೀವು ಹೆಂಗಸರೆಲ್ಲ ಹೀಗೇ, ನಿಮ್ಮ ಆರೋಗ್ಯ ನಿಮಗೇ ಬೇಡ ಎಂದು ಪ್ರೀತಿಯಿಂದಲೇ ಗದರಿದರು. ಅವಳು ತಲೆ ತಗ್ಗಿಸಿ ನಕ್ಕಳು. ನಾನು ಪಕ್ಕದ ಕುರ್ಚಿಯಲ್ಲಿದ್ದೆ. ಇಲ್ಲ ಡಾಕ್ಟ್ರೇ, ಅವಳು ಹೇಳಿದ್ದಳು, ನಾನೇ ಕೇಳಲಿಲ್ಲ ಎನ್ನಲು ಒಂದು ನಿಮಿಷ ಪೂರ್ತಿ ಸಮಯವಿತ್ತು. ನಾನು ಸುಮ್ಮನೆ ಕೂತೆ. ಆ ಡಾಕ್ಟರ ಮುಂದೆ ಒಳ್ಳೆಯ ಗಂಡನಾಗಿ ಕಾಣಬೇಕಿತ್ತು ನನಗೆ. ಮೆಟ್ಟಿಲಲ್ಲಿ ಆಡಿದ ಮಾತಿಗಿಂತಲೂ ಈ ಸುಮ್ಮನಿದ್ದದ್ದೇ ನನ್ನನ್ನು ಹೆಚ್ಚು ಕಾಡುತ್ತದೆ. ಮೆಟ್ಟಿಲಲ್ಲಿ ನನಗೆ ಗೊತ್ತಿರಲಿಲ್ಲ. ಇಲ್ಲಿ ಎಲ್ಲ ಗೊತ್ತಿತ್ತು.

ಈಗ ಮಾಡಲು ಹೆಚ್ಚೇನೂ ಇಲ್ಲ, ವ್ಯಾಯಾಮ ಮುಂದುವರಿಸಿ, ಭಾರ ಎತ್ತಬೇಡಿ ಎಂದು ಕಳಿಸಿದರು. ಆಗಲೇ ಬಂದಿದ್ದರೆ ಒಂದೆರಡು ತಿಂಗಳ ವಿಶ್ರಾಂತಿ, ಒಂದು ಬೆಲ್ಟು, ಇಷ್ಟರಲ್ಲಿ ಚೆನ್ನಾಗಿಯೇ ಕೂಡಿಕೊಳ್ಳುತ್ತಿತ್ತೇನೋ ಎಂದೂ ಹೇಳಿದರು.

ಆ ದಿನಗಳಲ್ಲಿ ನನ್ನ ಸ್ವಂತ ಅಭ್ಯಾಸ ವಿಚಿತ್ರವಾಗಿ ಸುಲಭವಾಯಿತು. ನೋವು ಕಡಿಮೆಯಾಯಿತು ಎಂದಲ್ಲ. ನರಳಲು ಬಾಯಿ ಬರುತ್ತಿರಲಿಲ್ಲ. ಅಮ್ಮಾ ಎಂದು ದನಿ ಏರಿಸುವ ಹೊತ್ತಿಗೆ ಅಡುಗೆಮನೆಯಲ್ಲಿ ಅವಳು ಉಸಿರು ಬಿಡುವ ಸದ್ದು ಕೇಳಿಸುತ್ತಿತ್ತು, ನನ್ನದು ಗಂಟಲಲ್ಲೇ ನಿಲ್ಲುತ್ತಿತ್ತು. ಇದನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಹೇಳಿದಾಗ ಅವರು ಮೆಚ್ಚಲಿಲ್ಲ. ನಾಚಿಕೆಯಿಂದ ಬಾಯಿ ಮುಚ್ಚಿಕೊಳ್ಳುವುದು ನಿಭಾಯಿಸುವುದಲ್ಲ, ಇಬ್ಬರೂ ಬಾಯಿ ಬಿಟ್ಟು ಹೇಳುವುದನ್ನು ಕಲಿಯಿರಿ ಎಂದರು. ಸರಿಯಾದ ಮಾತೇ. ಆದರೆ ನನಗೆ ಅದು ಈಗಲೂ ಪೂರ್ತಿ ಬಂದಿಲ್ಲ.

ಕಾಲುಚೀಲ ನಾನೇ ಹಾಕಿಕೊಳ್ಳಲು ಶುರುಮಾಡಿದೆ. ಮೊದಲ ದಿನ ಹನ್ನೆರಡು ನಿಮಿಷ ಹಿಡಿಯಿತು. ಅಂಗಡಿಯಲ್ಲಿ ಒಂದು ಎತ್ತರದ ಸ್ಟೂಲು ಹಾಕಿಸಿ, ಇಪ್ಪತ್ತು ನಿಮಿಷ ನಿಂತು ಹತ್ತು ನಿಮಿಷ ಕೂರುತ್ತೇನೆ. ಗಿರಾಕಿ ಇದ್ದರೂ ಕೂತೇ ಮಾತಾಡಿಸುತ್ತೇನೆ. ಪಾತ್ರೆಯನ್ನು ಇಬ್ಬರೂ ಹಂಚಿಕೊಂಡೆವು. ಮೊದಲ ಅರ್ಧ ಅವಳು, ಉಳಿದದ್ದು ನಾನು. ನಾನು ತೊಳೆದದ್ದರಲ್ಲಿ ಜಿಡ್ಡು ಉಳಿದಿರುತ್ತದೆಂದು ಅವಳು ಕೆಲವನ್ನು ಮತ್ತೆ ತೊಳೆಯುತ್ತಾಳೆ. ಸಂಜೆ ಅವಳು ಕೆರೆಯ ಕಡೆ ಒಂದು ಗಂಟೆ ನಡೆದು ಬರುತ್ತಾಳೆ. ಎಷ್ಟೋ ವರ್ಷದ ರೂಢಿ, ಅದಕ್ಕೂ ನಾನು ಮನೆ ಬಿಟ್ಟು ತಿರುಗುತ್ತಾಳೆ ಎನ್ನುತ್ತಿದ್ದೆ. ಒಂದು ದಿನ ನಾನೂ ಬರುತ್ತೇನೆ ಎಂದೆ. ಅವಳು ಚಪ್ಪಲಿ ಮೆಟ್ಟುತ್ತಾ ಬೇಡ ಎಂದಳು.

"ನೀವು ಬೆಳಿಗ್ಗೆ ಹೋಗಿ. ಅದೊಂದು ಗಂಟೆ ನಂಗೆ ಬೇಕು."

ನಾನು ಬೆಳಿಗ್ಗೆ ಹೋಗುತ್ತೇನೆ.

ಮೂರು ತಿಂಗಳ ಹಿಂದೆ ನನ್ನ ಅಕ್ಕ ಹುಳಿಮಾವಿನಲ್ಲಿರುವ ತಮ್ಮ ಮನೆಯಲ್ಲಿ ಮೊಮ್ಮಗನ ನಾಮಕರಣ ಇಟ್ಟುಕೊಂಡಿದ್ದರು. ಅದೇ ಹೂ ಮುಡಿಸಿದ ಹುಡುಗಿಯ ಎರಡನೆಯ ಮಗು. ಹೆಂಗಸರೆಲ್ಲ ಅಡುಗೆಯ ಓಡಾಟದಲ್ಲಿದ್ದಾಗ ನನ್ನ ಹೆಂಡತಿ ಒಂದು ಕುರ್ಚಿ ಎಳೆದುಕೊಂಡು ವೀಳ್ಯದೆಲೆ ಜೋಡಿಸುತ್ತಿದ್ದಳು. ಅಕ್ಕ ನನ್ನ ಹತ್ತಿರ ಬಂದು, ಅವಳು ಮೊದಲಿನಿಂದಲೂ ಹಾಗೇ, ಕೂತಲ್ಲೇ ಕೆಲಸ, ನಿನಗೆ ಸೊಂಟ ಹೋದ ಮೇಲಾದರೂ ಸ್ವಲ್ಪ ಚುರುಕಾಗಬಾರದಿತ್ತಾ ಎಂದರು. ಈ ಮಾತನ್ನು ಅಕ್ಕನಿಗೆ ಕಲಿಸಿದ್ದು ನಾನೇ. ಎಷ್ಟೋ ವರ್ಷ ಅವರ ಮುಂದೆ ನಾನೇ ಹಾಗೆ ಆಡಿಕೊಂಡಿದ್ದೆ.

ಅಲ್ಲೇ, ನಾಲ್ಕು ಜನ ನೆಂಟರ ಮುಂದೆ, ನಾನು ಎಲ್ಲ ಹೇಳಿಬಿಟ್ಟೆ. ನಿನ್ನ ಮಗಳ ಶಾಸ್ತ್ರದ ದಿನ ಅವಳು ಬಿದ್ದು ಬೆನ್ನುಮೂಳೆ ಮುರಿದುಕೊಂಡಳು, ನಾನೇ ಎಬ್ಬಿಸಿ ಬಡಿಸಲು ಕಳಿಸಿದೆ, ಹನ್ನೊಂದು ವರ್ಷ ಅವಳಿಗೆ ಒಂದು ಎಕ್ಸ್‌ರೇ ತೆಗೆಸಲಿಲ್ಲ ಎಂದೆ. ಒಬ್ಬ ಅತ್ತೆ ಅಯ್ಯೋ ಪಾಪ ಎಂದರು. ಇನ್ನೊಬ್ಬರು, ಎಷ್ಟು ಗಂಡಸರು ಹೀಗೆ ಒಪ್ಕೋತಾರೆ, ನೀನು ದೊಡ್ಡವನು ಕಣಪ್ಪ ಎಂದು ನನ್ನ ಭುಜ ತಟ್ಟಿದರು. ಎದೆಯ ಭಾರ ಇಳಿಯಬಹುದು ಎಂದುಕೊಂಡಿದ್ದೆ. ಆ ತಟ್ಟುವಿಕೆಯಿಂದ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ತಲೆ ಎತ್ತಿ ನೋಡಿದರೆ ಹೆಂಡತಿ ವೀಳ್ಯದೆಲೆಯನ್ನು ಹಾಗೇ ಬಿಟ್ಟು ಒಳಕೋಣೆಗೆ ಹೋಗಿದ್ದಳು.

ಮನೆಗೆ ಬಂದ ಮೇಲೆ ಅವಳು ನನ್ನ ಮೇಲೆ ನಿಜವಾಗಿಯೂ ಸಿಟ್ಟಾದಳು. ಮದುವೆಯಾದಾಗಿನಿಂದ ಅಂಥ ಸಿಟ್ಟು ನೋಡಿರಲಿಲ್ಲ.

"ಅದು ನನ್ನ ನೋವು. ಹೇಳ್ಬೇಕಾದ್ರೆ ನಾನ್ ಹೇಳ್ತೀನಿ," ಎಂದಳು. "ಹನ್ನೊಂದು ವರ್ಷ ಯಾರ ಹತ್ರಾನೂ ಪಾಪ ಅನ್ನಿಸ್ಕೊಳ್ದೆ ಇದ್ದೆ. ಇವತ್ತು ಎಲ್ಲಾರ ಮುಂದೆ ಅನ್ನಿಸ್ಬಿಟ್ರಿ. ನಿಮಗೆ ಹಗುರ ಆಗ್ಲಿ ಅಂತ."

ನಾನು ತಪ್ಪಾಯಿತು ಎಂದೆ. ಯಾವುದಕ್ಕೆ ಎಂದು ಕೇಳಿದಳು. ಇವತ್ತಿನದಕ್ಕೆ ಎಂದೆ. ಆಮೇಲೆ, ಮೆಟ್ಟಿಲಿಗೂ, ಪೇಪರಿಗೂ, ಡಾಕ್ಟರ ಮುಂದೆ ಸುಮ್ಮನೆ ಕೂತದ್ದಕ್ಕೂ ಎಂದೆ. ಹೇಳಲು ಹನ್ನೊಂದು ವರ್ಷವೂ ಮೇಲೆ ಕೆಲವು ತಿಂಗಳೂ ಬೇಕಾದವು. ಅವಳು ಸರಿ ಎಂದಳು. ಪರವಾಗಿಲ್ಲ ಎನ್ನಲಿಲ್ಲ. ಎರಡು ದಿನ ಬೇಕಾದಷ್ಟೇ ಮಾತಾಡಿದಳು. ಮೂರನೆಯ ದಿನ ಗ್ಯಾಸ್ ಸಿಲಿಂಡರ್ ಬಂದಾಗ, ಅದನ್ನು ಇಬ್ಬರೂ ಎತ್ತಬಾರದು, ಆ ಅಣ್ಣನ ಕೈಲೇ ಒಳಗಿಡಿಸಿ ಎಂದು ಕೂಗಿ ಹೇಳಿದಳು.

ನಾನು ಮಾತ್ರೆ ಬಿಟ್ಟು ಒಂದು ವರ್ಷವಾಯಿತು. ಕಿಡ್ನಿಯ ರಿಪೋರ್ಟು ಇದ್ದಲ್ಲೇ ಇದೆ, ಕೆಟ್ಟಿಲ್ಲ. ಕಾಲಿನ ಬಿಸಿ ತಂತಿ ಕೆಲವು ದಿನ ಮಲಗಿರುತ್ತದೆ, ಕೆಲವು ದಿನ ಎದ್ದು ಕೂರುತ್ತದೆ. ಎದ್ದ ದಿನ ಅರ್ಧ ಕೆಲಸ ಮಾಡುತ್ತೇನೆ, ಉಸಿರು ಬಿಡುತ್ತೇನೆ, ಅದು ಇಳಿಯುವವರೆಗೆ ಕಾಯುತ್ತೇನೆ. ಅವಳಿಗೂ ಹಾಗೇ. ಈಗೀಗ ಅವಳು ಒಮ್ಮೊಮ್ಮೆ ಇವತ್ತು ಆಗ್ತಿಲ್ಲ ಎಂದು ಬಾಯಿಬಿಟ್ಟು ಹೇಳುತ್ತಾಳೆ. ಹೇಳಿದ ದಿನ ಹೋಟೆಲಿನಿಂದ ಏನಾದರೂ ತರುತ್ತೇನೆ. ಹೇಳದ ದಿನ ಇದೆಯೋ ಇಲ್ಲವೋ ನನಗೆ ಇನ್ನೂ ಗೊತ್ತಾಗುವುದಿಲ್ಲ, ಕೇಳಬೇಕಾಗುತ್ತದೆ.

ಇದನ್ನು ಬರೆಯುವ ಮೊದಲು ಈ ಸಲ ಅವಳನ್ನು ಕೇಳಿದೆ. ಬರೀರಿ, ಹೆಸರು ಹಾಕಬೇಡಿ ಎಂದಳು. ಬರೆದದ್ದನ್ನು ಓದಿ ಹೇಳಿದಾಗ, ನೆಲದಿಂದ ಏಳುವ ಭಾಗಕ್ಕೆ ಬಂದಲ್ಲಿ ನಿಲ್ಲಿಸಿ ಎಂದು ಕೈ ಎತ್ತಿದಳು.

"ನಾನೇನೋ ದೊಡ್ಡದು ಕಲ್ತೆ ಅನ್ನೋ ಹಂಗೆ ಬರೀಬೇಡಿ," ಎಂದಳು. "ಬೇರೆ ದಾರಿ ಇರ್ಲಿಲ್ಲ. ಅಷ್ಟೇ."